ಸುಮ್ಮನೆ ಬಾಗಿದ ರಸ್ತೆ

ನಮ್ಮಜ್ಜ ಜೀವಮಾನವೆಲ್ಲ ಓಡಿಸಿದ್ದು ಒಂದೇ ಗಾಡಿ, ರೋಡ್ ರೋಲರ್. ಓಡಿಸಿದ್ದು ಅನ್ನುವುದೇ ಸ್ವಲ್ಪ ಜಾಸ್ತಿಯಾಯಿತು. ಅದು ಓಡುವುದಿಲ್ಲ, ತೆವಳುತ್ತದೆ. ರಸ್ತೆ ಬದಿಯಲ್ಲಿ ಮೇಯುತ್ತ ಹೋಗುವ ಹಸು ಕೂಡ ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಎಂದುಕೊಳ್ಳುತ್ತದೆ. ಆದರೆ ಅಜ್ಜನ ಗತ್ತು ನೋಡಬೇಕಿತ್ತು ನೀವು! ಟೀವಿಯಲ್ಲಿ ವಿಮಾನ ಇಳಿಯುವುದನ್ನು ತೋರಿಸಿದರೆ, "ಪೈಲಟ್ಟು ದೊಡ್ಡ ಮನುಷ್ಯನೇ ಸರಿ, ಕೆಳಗೆ ನೆಲ ಒತ್ತಿ ಕೊಟ್ಟೋನು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ತಲೆದೂಗುತ್ತಿದ್ದ. ಬಸ್ಸು ಹತ್ತಿದರೆ ಕಣ್ಣು ಮುಚ್ಚಿಕೊಂಡು ಕೂತು ರಸ್ತೆಗೆ ಅಂಕ ಕೊಡುತ್ತಿದ್ದ. "ಇಲ್ಲಿ ಜಲ್ಲಿ ಕದ್ದಿದ್ದಾರೆ." "ಇಲ್ಲಿ ರೋಲರ್ ಡ್ರೈವರಿಗೆ ಹೊಟ್ಟೆ ಹಸಿದಿತ್ತು, ಊಟದ ಆತುರಕ್ಕೆ ಒತ್ತಿದ್ದಾನೆ."

ಇಂಥ ಅಜ್ಜ ಒಂದು ಭಾನುವಾರ ಮಧ್ಯಾಹ್ನದಿಂದ ಬಾಯಿಗೆ ಬೀಗ ಹಾಕಿಕೊಂಡುಬಿಟ್ಟ.

ಬೀಗ ಹಾಕಿಸಿದ್ದು ನಮ್ಮ ಮಾವ, ಅಂದರೆ ಅಮ್ಮನ ಅಣ್ಣ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅಜ್ಜ ಎಂದಿನಂತೆ "ನಾನು ಹಾಕಿದ ರಸ್ತೆ..." ಎಂದು ಶುರು ಮಾಡಿದ್ದ. ಮಾವ ತಟ್ಟೆಯಿಂದ ತಲೆಯೆತ್ತದೆ, "ಅಪ್ಪಾ, ನೀವು ಹಾಕಿದ ರಸ್ತೆ ಒಂದಾದ್ರೂ ಈಗ ಉಳಿದಿದೆಯಾ ಹೇಳಿ? ಅಡುಗೆಯವನ ಅಡುಗೆ, ನಿಮ್ಮ ರಸ್ತೆ, ಎರಡೂ ಒಂದೇ. ಮಾಡಿದ್ದೆಲ್ಲ ಖಾಲಿ!" ಎಂದು ನಕ್ಕ. ನಾವೂ ನಕ್ಕೆವು. ಅಜ್ಜ ನಗಲಿಲ್ಲ. ನೀರು ಕುಡಿದು ಎದ್ದು ಹೋದ.

ಅಂದಿನಿಂದ ಮನೆ ಬಿಕೋ ಅನ್ನತೊಡಗಿತು. ಟೀವಿಯಲ್ಲಿ ವಿಮಾನಗಳು ಬಂದವು, ಇಳಿದವು, ಯಾರೂ ಕೇಳುವವರಿಲ್ಲ. ಬೀದಿಯಲ್ಲಿ ಕೇಬಲ್ಲಿಗೆಂದು ಅಗೆದು ಮಣ್ಣು ಮುಚ್ಚಿ ಹೋದರು, ಅಜ್ಜ ಕಿಟಕಿಯಿಂದ ಒಂದು ಬೈಗುಳ ಕೂಡ ಎಸೆಯಲಿಲ್ಲ. ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದಳು.

"ಏನಾದ್ರೂ ಮಾಡೇ ಪುಟ್ಟಿ. ಇವರು ಜಗಳಾನೂ ಆಡ್ತಿಲ್ಲ. ನಂಗೆ ಊಟ ಸೇರ್ತಿಲ್ಲ."

"ನಾನೇನು ಮಾಡ್ಲಿ ಅಜ್ಜೀ?"

"ಲೈಸೆನ್ಸ್ ಬಂತು ಲೈಸೆನ್ಸ್ ಬಂತು ಅಂತ ಮನೆ ತುಂಬಾ ಕುಣೀತಿದ್ದೆಯಲ್ಲ, ಕರ್ಕೊಂಡು ಹೋಗು. ಒಂದಾದ್ರೂ ಉಳಿದಿರುತ್ತೆ. ಒಂದೇ ಒಂದು ಸಾಕು."

ಅಷ್ಟು ಸಾಕಾಯಿತು ನನಗೆ! ಮಾವನಿಗೆ ಒಳಗೊಳಗೇ ಚುಚ್ಚುತ್ತಿತ್ತೋ ಏನೋ, ಕೇಳಿದ ಕೂಡಲೇ ತನ್ನ ಕಾರಿನ ಕೀ ತಂದುಕೊಟ್ಟ. ಆಮೇಲೆ ಕಾರಿನ ನಾಲ್ಕೂ ಮೂಲೆ ಸವರಿ, "ಒಂದು ಗೀಚು ಬೀಳಲಿ, ಆಗ ಇದೆ ನಿಂಗೆ" ಎಂದ. ಇನ್ನು ಅಜ್ಜನನ್ನು ಹೊರಡಿಸುವುದು. "ನೋಡೋಕೇನಿದೆ ಅಲ್ಲಿ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅಜ್ಜಿ ಅಜ್ಜನ ದಿಂಬನ್ನು ತೆಗೆದುಕೊಂಡು ಹೋಗಿ ಕಾರಿನ ಮುಂದಿನ ಸೀಟಿನಲ್ಲಿಟ್ಟು ಬಂದಳು.

ಆ ದಿಂಬಿನ ವಿಷಯ ಹೇಳಲೇಬೇಕು. ರೋಲರಿನ ಸೀಟು ಬರೀ ಕಬ್ಬಿಣ, ಕೂತರೆ ಹಲ್ಲಿನ ಬುಡದವರೆಗೆ ಅದುರುತ್ತದೆ. ಮದುವೆಯಾದ ಹೊಸತರಲ್ಲಿ ಅಜ್ಜಿ ನೀಲಿ ಟೆಂಟು ಬಟ್ಟೆಯಲ್ಲಿ ದಿಂಬು ಹೊಲಿದುಕೊಟ್ಟಿದ್ದಳು. ಒಳಗಿನ ಹತ್ತಿ ಎಷ್ಟೋ ಸಲ ಬದಲಾಗಿದೆ, ಮೇಲೆ ತೇಪೆಗೆ ತೇಪೆ ಬಿದ್ದು ನೀಲಿ ಎಲ್ಲಿದೆ ಎಂದು ಹುಡುಕಬೇಕು. ಆದರೂ ಅಜ್ಜ ಇನ್ಯಾವುದರ ಮೇಲೂ ಕೂರುವವನಲ್ಲ. ಸೋಫಾದ ಮೇಲೂ ಅದು ಬೇಕು. ಹಾಗಾಗಿ ಸ್ವಲ್ಪ ಹೊತ್ತಿಗೆ ದಿಂಬು ಹುಡುಕಿಕೊಂಡು ಮನೆಯೆಲ್ಲ ಸುತ್ತಿ, ಕೊನೆಗೆ ಗೊಣಗುತ್ತ ಕಾರಿನೊಳಗೆ ಬಂದು ಕೂತ. ನಾನು ತಕ್ಷಣ ಗಾಡಿ ಬಿಟ್ಟೆ. ಚಪ್ಪಲಿ ಹಾಕಿಕೊಳ್ಳಲೂ ಪುರಸೊತ್ತು ಕೊಡಲಿಲ್ಲ, ಅಜ್ಜಿ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಹಿಂದೆ ಹತ್ತಿದ್ದಳು.

ಮೊದಲನೆಯ ರಸ್ತೆ ಅಜ್ಜ ಕೆಲಸ ಕಲಿತ ರಸ್ತೆ. ಹೋಗಿ ನೋಡಿದರೆ ಅದು ಹೆದ್ದಾರಿಯಾಗಿ, ಮಧ್ಯೆ ಗೋಡೆ ಎದ್ದು, ಮೇಲೊಂದು ಸೇತುವೆ ಕೂತು, ಯಾವ ಕಡೆಯಿಂದ ಹತ್ತುವುದು ಯಾವ ಕಡೆಯಿಂದ ಇಳಿಯುವುದು ಎಂದು ತಿಳಿಯದೆ ನಾನು ಎರಡು ಸಲ ಹೊರಟಲ್ಲಿಗೇ ಬಂದು ಸೇರಿದೆ.

"ಇದೇನಾ ಅಜ್ಜಾ?"

"ಅಲ್ಲ," ಎಂದ ಅಜ್ಜ. "ಇದರ ಅಜ್ಜ ಇರಬಹುದು ನಂದು."

ಎರಡನೆಯ ರಸ್ತೆ ನೇರವಾಗಿ ನೀರೊಳಗೆ ಹೋಗಿತ್ತು. ಅಣೆಕಟ್ಟು ಕಟ್ಟಿದ್ದರಂತೆ. ಡಾಂಬರು ನಿಧಾನವಾಗಿ ಇಳಿದು, ಒದ್ದೆಯಾಗಿ, ಆಮೇಲೆ ಕಾಣದಾಗಿತ್ತು. ನಾವು ಮೂವರೂ ದಡದಲ್ಲಿ ನಿಂತೆವು.

"ಕೆಳಗಿದೆ," ಎಂದ ಅಜ್ಜ.

"ಮೀನುಗಳು ಆರಾಮಾಗಿ ಓಡಾಡ್ಕೊಂಡಿರ್ತವೆ ಬಿಡಿ," ಎಂದಳು ಅಜ್ಜಿ. "ಒಂದು ಹೊಂಡ ಇಲ್ಲ, ಎಂಥಾ ರಸ್ತೆ ಹಾಕಿದ್ದಾನೆ ಪುಣ್ಯಾತ್ಮ ಅಂತ ಹೊಗಳ್ತಾ."

ನನಗೆ ನಗು ತಡೆಯಲಾಗಲಿಲ್ಲ. ಅಜ್ಜನ ತುಟಿಯ ಒಂದು ಮೂಲೆ ಅಲುಗಿತು, ಆದರೆ ನಗುವಿನವರೆಗೆ ಬರಲಿಲ್ಲ.

ಮೂರನೆಯದು ಒಂದು ಕಾರ್ಖಾನೆಯ ಹಿಂದಿನ ಬೀದಿ. ಅಲ್ಲಿ ಪೈಪು ಹಾಕಲು ರಸ್ತೆಯನ್ನು ಬಗೆದು ಹಾಕಿದ್ದರು. ಅಜ್ಜ ಇಳಿದು, ಅಗೆದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಕತ್ತರಿಸಿದ ಕೇಕಿನ ಹಾಗೆ ಪದರ ಪದರ ಕಾಣುತ್ತಿತ್ತು, ಮೇಲೆ ಕಪ್ಪು, ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಮತ್ತೆ ಕಪ್ಪು. ಅಜ್ಜ ಒಂದೊಂದನ್ನೂ ಉಗುರಿನಿಂದ ಗೀರಿ ನೋಡಿದ. ನಾನು ಉಸಿರು ಬಿಗಿಹಿಡಿದು ಕೇಳಿದೆ, "ಅದಾ? ಆ ಕೆಳಗಿಂದಾ?"

"ಅಲ್ಲ. ನಂದು ಅದಕ್ಕೂ ಕೆಳಗಿತ್ತು. ಕಿತ್ತು ಲಾರಿಗೆ ತುಂಬಿದಾರೆ." ಎದ್ದು ಕೈ ಝಾಡಿಸಿದ. "ನಿನ್ನ ಮಾವ ಹೇಳಿದ್ದರಲ್ಲಿ ತಪ್ಪೇನಿಲ್ಲ ಬಿಡು."

ಅದನ್ನು ಅವನು ಕೋಪದಿಂದ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ರಾತ್ರಿ ದಾರಿಯಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ ಅದರ ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅಜ್ಜಿ, ಯಾರಿಗೂ ಅಲ್ಲವೆಂಬಂತೆ, "ಇನ್ನೊಂದು ಉಳೀತಲ್ಲ" ಎಂದಳು.

"ಬೇಡ," ಎಂದ ಅಜ್ಜ.

"ನಮ್ಮಪ್ಪನ ಮನೆ ಹತ್ರದ್ದು ರೀ."

"ಬೇಡ ಅಂದೆನಲ್ಲ."

ನನ್ನ ಕಿವಿಗಳು ನೆಟ್ಟಗಾದವು. "ಯಾವ್ದದು? ನಂಗ್ಯಾರೂ ಹೇಳೇ ಇಲ್ಲ!"

ಅಜ್ಜ ಚಹಾವನ್ನು ಬಸಿಗೆ ಸುರಿದು ಊದಿದ. ಊದಿದ್ದೇ ಊದಿದ್ದು. "ಬಯಲಲ್ಲಿ ಒಂದು ರಸ್ತೆ. ಗುಡ್ಡ ಇಲ್ಲ, ಹಳ್ಳ ಇಲ್ಲ. ಹಗ್ಗ ಹಿಡಿದ ಹಾಗೆ ನೆಟ್ಟಗೆ ಹೋಗ್ಬೇಕಿತ್ತು. ಒಂದು ಕಡೆ ಹೊಟ್ಟೆ ಬಂದ ಹಾಗೆ ಬಾಗಿಬಿಡ್ತು. ಮೇಸ್ತ್ರಿ ಹತ್ರ ಬೈಸ್ಕೊಂಡೆ. ಅಷ್ಟೇ ಕಥೆ."

"ನೀನು ಒತ್ತಿದ ರಸ್ತೆ ಸೊಟ್ಟಾನಾ?" ನನಗೆ ನಂಬಲಾಗಲಿಲ್ಲ. ಗೋಡೆಯ ಮೇಲಿನ ಫೋಟೊ ಕೂದಲೆಳೆಯಷ್ಟು ವಾಲಿದ್ದರೂ ಎದ್ದು ಹೋಗಿ ಸರಿ ಮಾಡುವ ಮನುಷ್ಯ! ಅಜ್ಜಿಯ ಮುಖ ನೋಡಿದೆ. ಅವಳು ಚಹಾ ಲೋಟದ ತಳದಲ್ಲಿ ಏನೋ ಮಹತ್ವದ್ದು ಕಂಡವಳಂತೆ ಅದನ್ನೇ ದಿಟ್ಟಿಸುತ್ತಿದ್ದಳು.

"ಹೋಗೋಣ ಅಜ್ಜಾ, ಪ್ಲೀಸ್!"

"ಸೊಟ್ಟ ರಸ್ತೇನ ಯಾರು ಇಟ್ಕೋತಾರೆ? ನೆಟ್ಟಗಿರೋದನ್ನೇ ಅಗೆದು ಹಾಕಿದಾರೆ, ಸೊಟ್ಟಗಿರೋದನ್ನ ಬಿಡ್ತಾರಾ? ಎಂದೋ ನೇರ ಮಾಡಿರ್ತಾರೆ." ಬಸಿಯನ್ನು ಕೆಳಗಿಟ್ಟ. ಆಮೇಲೆ ಬೇರೆಯೇ ದನಿಯಲ್ಲಿ, "ಬೇರೆ ಯಾವ್ದು ಹೋದ್ರೂ ಹೋಗ್ಲಿ ಪುಟ್ಟಿ. ಅದು ಹೋಗಿರೋದನ್ನ ನಾನು ಕಣ್ಣಾರೆ ನೋಡಲ್ಲ" ಎಂದ.

ಆಗ ನನಗೆ ಗೊತ್ತಾಯಿತು. ಹೆದ್ದಾರಿಗಲ್ಲ, ನೀರೊಳಗಿನ ರಸ್ತೆಗಲ್ಲ, ಅಜ್ಜ ಹೆದರುತ್ತಿದ್ದದ್ದು ಇದೊಂದಕ್ಕೆ. ಅಜ್ಜಿಯ ಅಪ್ಪನ ಮನೆಯವರು ಆ ಜಾಗ ಬಿಟ್ಟು ಪೇಟೆ ಸೇರಿದ ಮೇಲೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಇದೆಯೋ ಇಲ್ಲವೋ ತಿಳಿಯದು. ತಿಳಿಯದೆ ಇರುವವರೆಗೆ ಅದು ಇತ್ತು.

"ಹಾಗಾದ್ರೆ ನೋಡಬೇಡ," ಎಂದೆ. "ಕಣ್ಣು ಮುಚ್ಕೊಂಡು ಕೂತ್ಕೋ. ನಾನು ನೋಡ್ತೀನಿ. ಇಲ್ಲ ಅಂದ್ರೆ ಹಾಗೇ ಮನೆಗೆ ಗಾಡಿ ತಿರುಗಿಸ್ತೀನಿ, ಒಂದು ಮಾತು ಆಡಲ್ಲ."

ಅಜ್ಜ ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದ. "ನೀನು ಹೇಳೋದೇ ಬೇಡ. ಬಾಗಿದ್ರೆ ನನ್ನ ಬೆನ್ನಿಗೇ ಗೊತ್ತಾಗುತ್ತೆ. ಆದ್ರೆ ನೀನು ನಿಧಾನಕ್ಕೆ ಓಡಿಸ್ಬೇಕು. ನಿನ್ನ ಥರ ಅಲ್ಲ. ಮನುಷ್ಯರ ಥರ."

ಹೊರಟೆವು. ಬಯಲು ಶುರುವಾಯಿತು. ಅಜ್ಜ ಕಣ್ಣು ಮುಚ್ಚಿ, ದಿಂಬಿನ ಮೇಲೆ ನೆಟ್ಟಗೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಹಿಂದಿನಿಂದ ಅಜ್ಜಿ ಮುಂದೆ ಬಾಗಿ ಅವನ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ರಸ್ತೆ ನೇರ. ಇನ್ನೂ ನೇರ. ಎರಡೂ ಕಡೆ ಹೊಲ, ಒಂದು ಇಟ್ಟಿಗೆ ಗೂಡು, ಒಂದು ಗೋದಾಮು, ವಿದ್ಯುತ್ ಕಂಬಗಳ ಸಾಲು, ಎಲ್ಲಾ ನೇರ! ಇಷ್ಟು ನೇರವಾದ ರಸ್ತೆಯನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಯಾವ ಹುಚ್ಚು ಹಿಡಿದು ಇವನನ್ನು ಕರೆತಂದೆ ಎಂದು ನನ್ನನ್ನೇ ಬೈದುಕೊಂಡೆ.

ಅಷ್ಟರಲ್ಲಿ ದೂರದಲ್ಲಿ ಹಳದಿ ಫಲಕವೊಂದು ಕಂಡಿತು. ಅದರ ಮೇಲೆ ಕಪ್ಪು ಬಾಣ, ಬಾಣದ ಕುತ್ತಿಗೆ ಸೊಟ್ಟ.

ಕಿರುಚಬೇಕು ಅನ್ನಿಸಿತು! ತುಟಿ ಕಚ್ಚಿಕೊಂಡೆ. ಹಿಂದೆ ಅಜ್ಜಿ "ಹಾ" ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಅಜ್ಜನ ಮೈ ಮೆಲ್ಲಗೆ ಎಡಗಡೆಯ ಕಿಟಕಿಯ ಕಡೆ ವಾಲಿತು. ಅವನು ಕಣ್ಣು ತೆರೆಯಲಿಲ್ಲ. ಅವನ ಮುಖದ ಮೇಲೆ, ಒಂದೊಂದೇ ಗೆರೆಯಾಗಿ, ಏನೋ ಬಿಚ್ಚಿಕೊಳ್ಳತೊಡಗಿತು.

"ಈಗ ಎಡಕ್ಕೆ," ಎಂದ ಅಜ್ಜ, ನಾನು ತಿರುಗಿಸುವ ಮೊದಲೇ. "ಅವಸರ ಬೇಡ, ಉದ್ದ ಇದೆ. ಹಿಡ್ಕೋ... ಹಿಡ್ಕೋ... ಇನ್ನೂ ಎಡ. ಹಾಂ. ಈಗ ಮತ್ತೆ ಬಲಕ್ಕೆ, ಸ್ವಲ್ಪ. ಬಿಡು. ಇನ್ನು ನೇರ."

ರಸ್ತೆ ನೇರವಾಯಿತು. ಒಂದು ಕೂದಲೆಳೆ ಕೂಡ ಆಚೀಚೆ ಇಲ್ಲ, ಅವನು ಹೇಳಿದಲ್ಲೇ ಬಾಗಿತ್ತು, ಅವನು ಹೇಳಿದಲ್ಲೇ ನೇರವಾಗಿತ್ತು. ನಾನು ಕಾರು ನಿಲ್ಲಿಸಿ, ಸೀಟಿನ ಮೇಲೆ ಕುಪ್ಪಳಿಸಿ, ಹಾರ್ನ್ ಮೇಲೆ ಕೈಯಿಟ್ಟು ಕಾಗೆಗಳನ್ನೆಲ್ಲ ಎಬ್ಬಿಸಿದೆ. ಅಜ್ಜ ಕಣ್ಣು ಬಿಟ್ಟ.

"ಹಿಂದಕ್ಕೆ ತಿರುಗಿಸು," ಎಂದ. "ಈಗ ನೋಡ್ತೀನಿ."

ನೋಡುವಂಥದ್ದೇ ಇತ್ತು. ತಿರುವಿನ ಎರಡೂ ಬದಿಗೆ ಒಂದು ಸಣ್ಣ ಪೇಟೆಯೇ ಬೆಳೆದಿತ್ತು. ಕ್ಷೌರದಂಗಡಿ, ಹಣ್ಣಿನ ಗಾಡಿ, ಬೆಂಚು ಹಾಕಿದ ಬಸ್ ನಿಲ್ದಾಣ, ಬಟ್ಟೆ ಹೊಲಿಯುವವನು, ಚಹಾ, ಕೊನೆಗೊಂದು ಪಂಕ್ಚರ್ ಅಂಗಡಿ. ಪಂಕ್ಚರ್ ಹಾಕುತ್ತಿದ್ದವಳು ಗಟ್ಟಿ ದನಿಯ ಒಬ್ಬ ಹೆಂಗಸು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತ, ಗಿರಾಕಿಗೆ ಬುದ್ಧಿ ಹೇಳುತ್ತ, ಆಚೆ ಅಂಗಡಿಯ ಕ್ಷೌರದವನ ಜೊತೆ ಜಗಳವನ್ನೂ ಆಡುತ್ತಿದ್ದಳು. ತೊಟ್ಟಿಯ ಪಕ್ಕದಲ್ಲಿ ಹಳೆಯದೊಂದು ಕೈಪಂಪು. ಅಜ್ಜಿ ಅದನ್ನು ನೋಡಿದ್ದೇ ಕಾರಿನಿಂದಿಳಿದು, ಹೋಗಿ ಅದರ ತಲೆ ಸವರಿದಳು.

"ಇದು ನಮ್ಮನೇದು ಪುಟ್ಟೀ. ನಮ್ಮ ಅಂಗಳದ ಪಂಪು."

ನಾನು ಸುಮ್ಮನಿರುತ್ತೇನೆಯೇ! "ಅಕ್ಕಾ, ಇಲ್ಲಿ ಗುಡ್ಡ ಇಲ್ಲ, ಏನಿಲ್ಲ. ರಸ್ತೆ ಯಾಕೆ ಹೀಗೆ ಬಾಗಿದೆ?" ಎಂದು ಪಂಕ್ಚರ್ ಅಂಗಡಿಯವಳನ್ನು ಕೇಳಿದೆ.

"ಬಂದವರೆಲ್ಲ ಕೇಳೋದು ಅದನ್ನೇ ನೋಡಮ್ಮ," ಎಂದು ಅವಳು ತೊಟ್ಟಿಯಿಂದ ಕೈ ತೆಗೆಯದೆಯೇ ಶುರು ಮಾಡಿದಳು. "ಆಗಿನ ಕಾಲದಲ್ಲಿ ಒಬ್ಬ ರೋಲರ್ ಡ್ರೈವರ್ ಇದ್ನಂತೆ. ಮಹಾ ಕುಡುಕ. ಕುಡಿದು ಸೀಟಲ್ಲೇ ಮಲಗಿಬಿಟ್ಟ. ರೋಲರು ಹಗ್ಗ ಬಿಚ್ಚಿದ ಎಮ್ಮೆ ಥರ ತನ್ನಷ್ಟಕ್ಕೆ ತಾನು ಹೊಲದ ಕಡೆ ಹೋಗಿ, ಒಂದು ಸುತ್ತು ಹಾಕಿ, ವಾಪಸ್ ಬಂತಂತೆ."

"ಎಮ್ಮೆಗೆ ಇದ್ದಷ್ಟು ಬುದ್ಧೀನೂ ಆ ಕುಡುಕನಿಗೆ ಇರಲಿಲ್ಲ," ಎಂದು ಕ್ಷೌರದವನು ಬಾಗಿಲಿಂದ ಸೇರಿಸಿದ.

"ನೀನು ಬಾಯಿ ಮುಚ್ಚು, ಅವನಿಂದಾನೇ ನಿಂಗೂ ನಂಗೂ ಅನ್ನ. ಗಾಡಿ ನಿಧಾನ ಆಗೋದಕ್ಕೇ ತಾನೇ ಜನ ಇಲ್ಲಿ ನಿಲ್ಲೋದು? ನೇರ ಮಾಡ್ತೀವಿ ಅಂತ ಅಳೆಯೋರು ಬಂದಿದ್ರು. ನಾವೆಲ್ಲ ಹೋಗಿ ಅಡ್ಡ ಕೂತ್ವಿ. ಆ ಕುಡುಕನ ಹೊಟ್ಟೆ ತಣ್ಣಗಿರಲಿ."

ನಾನು ಅಜ್ಜನ ಕಡೆ ನೋಡಿದೆ. ಅವನಿಗೆ ಬೇಸರವಾಗಿರಲಿಲ್ಲ. ಅಡ್ಡ ಕೂತರು ಎಂಬ ಮಾತು ಕೇಳಿ ಅವನ ಕಣ್ಣು ಮಿನುಗುತ್ತಿತ್ತು. ಸ್ಫೋಟವಾದದ್ದು ಪಂಪಿನ ಕಡೆಯಿಂದ.

"ಯಾರ್ರೀ ಕುಡುಕ?" ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಬಂದಳು. "ಇವರು ಚಹಾನೇ ಊದಿ ಊದಿ ಕುಡಿಯೋ ಮನುಷ್ಯ! ಬೇರೆ ಏನನ್ನೂ ಬಾಯಿಗೆ ಹಾಕಿದವರಲ್ಲ! ರಸ್ತೆ ಸೊಟ್ಟ ಆಗಿದ್ದು ಇವರಿಂದಲ್ಲ. ಗೂಟ ಕಿತ್ತು ನೆಟ್ಟಿದ್ದು ನಾನು!"

ತೊಟ್ಟಿಯಲ್ಲಿ ಒಂದು ಗುಳ್ಳೆ ಗುಳಕ್ಕೆಂದಿತು. ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನೂ ಎದ್ದು ಬಂದ.

"ಯಾವ ಗೂಟ ಅಜ್ಜೀ?" ಎಂದೆ ನಾನು.

ಇನ್ನು ಹಿಂದೆ ಸರಿಯುವಂತಿಲ್ಲ. ಅಜ್ಜಿ ಗದ್ದ ಎತ್ತಿದಳು. "ರಸ್ತೆ ಎಲ್ಲಿ ಹೋಗ್ಬೇಕು ಅಂತ ಮೇಸ್ತ್ರಿ ಗೂಟ ಹೊಡೆಸಿ ಇಡ್ತಿದ್ದ. ತಲೆಗೆ ಸುಣ್ಣ ಅದ್ದಿದ ಗೂಟ, ದೂರಕ್ಕೆ ಕಾಣಲಿ ಅಂತ. ಗೂಟ ಇದ್ದ ಕಡೆ ಗ್ಯಾಂಗಿನವರು ಜಲ್ಲಿ ಹರಡೋದು, ಜಲ್ಲಿ ಇದ್ದ ಕಡೆ ಇವರು ಒತ್ತೋದು. ರೋಲರ್ ಚಕ್ರ ಒದ್ದೆ ಇರ್ಬೇಕಲ್ಲ, ಇಲ್ಲಾಂದ್ರೆ ಡಾಂಬರು ಮೆತ್ಕೊಳುತ್ತೆ. ಅದಕ್ಕೆ ಇವರು ನಮ್ಮ ಪಂಪಿಗೆ ನೀರಿಗೆ ಬರ್ತಿದ್ರು. ಬಂದಾಗೆಲ್ಲ..." ಅಜ್ಜಿ ಸ್ವಲ್ಪ ತಡೆದಳು. "ನೀರು ತುಂಬ್ಕೊಂಡು ಹೋಗ್ತಿದ್ರು."

"ಬರೀ ನೀರಾ?" ಎಂದಳು ಪಂಕ್ಚರ್ ಅಂಗಡಿಯವಳು.

"ಸುಮ್ನಿರಮ್ಮ. ಆಮೇಲೆ ನೋಡಿದ್ರೆ ಗೂಟಗಳು ನೆಟ್ಟಗೆ ಆ ಕಡೆ ಹೋಗಿವೆ! ಅಲ್ಲೊಂದು ಕೆರೆ. ಇನ್ನು ನೀರಿಗೆ ಅಲ್ಲಿಗೇ ಹೋಗ್ತಾರೆ, ಈ ಕಡೆ ಯಾಕೆ ಬರ್ತಾರೆ? ಮೇಸ್ತ್ರಿ ಜ್ವರ ಬಂದು ಊರಿಗೆ ಹೋಗಿದ್ದ. ಸಂಜೆ ಕೆಲಸದವರು ಹೋದ ಮೇಲೆ ಒಂದೊಂದೇ ಗೂಟ ಕಿತ್ತು, ನಮ್ಮನೆ ಕಡೆ ನೆಟ್ಟೆ. ಚೆನ್ನಾಗಿ, ಗುಂಡಗೆ. ಕೋನ ಬಾರದ ಹಾಗೆ." ಆಮೇಲೆ ಅಜ್ಜನ ಕಡೆ ತಿರುಗಿ, ದನಿ ತಗ್ಗಿಸಿ, "ಪಾಪ, ಇವರು ಗೂಟ ನಂಬ್ಕೊಂಡು ಒತ್ತಿದ್ರು. ಬೈಸ್ಕೊಂಡಿದ್ದು ಇವರು" ಎಂದಳು.

"ನಂಗೊತ್ತಿತ್ತು," ಎಂದ ಅಜ್ಜ.

ಎಲ್ಲರೂ ಅವನ ಕಡೆ ತಿರುಗಿದೆವು.

"ಏನು ಗೊತ್ತಿತ್ತು?"

"ಮಾರನೇ ಬೆಳಿಗ್ಗೆ ನೀನು ನೀರು ಹೊತ್ಕೊಂಡು ಬಂದೆ. ಕೊಡದ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿತ್ತು. ಕೈ ತುಂಬಾ ಸುಣ್ಣ. ಹೊತ್ತಾರೆ ಎದ್ದು ಗೋಡೆ ಬಳಿದೆ ಅಂದೆ. ನಿಮ್ಮನೇ ಗೋಡೆ ಮಣ್ಣಿನ ಬಣ್ಣದಲ್ಲೇ ಇತ್ತು." ಅಜ್ಜ ರಸ್ತೆಯ ಕಡೆ ಕೈ ತೋರಿಸಿದ. "ಅಷ್ಟು ಎತ್ತರದ ಸೀಟಲ್ಲಿ ಕೂತವನಿಗೆ ಗೂಟ ಸೊಟ್ಟ ಇದ್ರೆ ಕಾಣಲ್ವಾ? ಗ್ಯಾಂಗಿನವನು ಕೇಳ್ದ, ಏನಣ್ಣ ಹೀಗಿದೆ ಅಂತ. ಇಂಜಿನಿಯರ್ ಸಾಹೇಬರು ಹೇಳಿದಾರೆ, ಹರಡು ಅಂದೆ."

ಅಜ್ಜಿಯ ಬಾಯಿ ತೆರೆದೇ ಇತ್ತು. "ಮತ್ತೆ ಮೇಸ್ತ್ರಿ ಅಷ್ಟು ಬೈದಾಗ ಸುಮ್ನಿದ್ರಿ!"

"ಹೇಳಿದ್ರೆ ಕಿತ್ತು ನೇರ ಮಾಡು ಅಂತಿದ್ದ."

"ನಂಗಾದ್ರೂ ಹೇಳ್ಬಹುದಿತ್ತಲ್ಲ! ಇಷ್ಟು ವರ್ಷ!"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ರೋಲರ್ ಓಡಿಸಿದವನಿಗೆ ಕಾಯೋದೇನು ಕಷ್ಟ ಅಲ್ಲ."

ಪಂಕ್ಚರ್ ಅಂಗಡಿಯವಳು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದಳು, ನೀರೆಲ್ಲ ನನ್ನ ಮುಖಕ್ಕೆ ಹಾರಿತು. ನೊರೆ ಮುಖದವನು ಎಲ್ಲರಿಗೂ ಚಹಾ ಹೇಳಿದ. ಕ್ಷೌರದವನು ಅಜ್ಜನನ್ನು ಕೂರಿಸಿಕೊಂಡು ಬಿಟ್ಟಿ ಕ್ಷೌರ ಮಾಡುತ್ತೇನೆಂದು ಹಟ ಹಿಡಿದ, ಅಜ್ಜ ತಲೆ ಮುಟ್ಟಿ ನೋಡಿಕೊಂಡು, "ಮಾಡೋಕೆ ಏನಾದ್ರೂ ಉಳಿದಿರಬೇಕಲ್ಲಪ್ಪ" ಎಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕ. ಆ ಭಾನುವಾರದ ನಂತರ ಆ ಸದ್ದು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಮಾವನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಕಾರಿಗೆ ಏನೂ ಆಗಿಲ್ಲ ತಾನೇ? ಅಪ್ಪಾ, ಹೇಗಿದೀರಾ? ಏನಾದ್ರೂ ಸಿಕ್ತಾ?" ಮಾವನ ದನಿಯಲ್ಲಿ ಹೆದರಿಕೆ ಇತ್ತು.

ಅಜ್ಜ ಫೋನಿನ ಹತ್ತಿರ ಬಾಯಿ ತಂದು, ರೋಲರಿನ ಗದ್ದಲದ ಮೇಲೆ ಮಾತಾಡುವವನಂತೆ ಕೂಗಿದ. "ಸಿಕ್ತು! ಒಂದು ತಿರುವು ಹಾಗೇ ಇದೆ! ಈ ತಿರುವು ಇಲ್ದೇ ಇದ್ರೆ ನಾನು ಕೆರೆಗೆ ಹೋಗ್ತಿದ್ದೆ, ನಿಮ್ಮಮ್ಮ ಇನ್ಯಾರಿಗೋ ನೀರು ಕೊಡ್ತಿದ್ಲು, ನೀನು ಹುಟ್ತಾನೇ ಇರಲಿಲ್ಲ. ಇನ್ಮೇಲೆ ನನ್ನ ರಸ್ತೆ ಬಗ್ಗೆ ಮಾತಾಡೋವಾಗ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡು!"

"ಅಪ್ಪಾ, ನಂಗೆ ಒಂದೂ ಅರ್ಥ ಆಗ್ತಿಲ್ಲ..."

"ಮನೆಗೆ ಬಂದು ಹೇಳ್ತೀನಿ. ನಿಧಾನಕ್ಕೆ ಹೇಳ್ತೀನಿ."

ಹೊರಡುವಾಗ ಪಂಕ್ಚರ್ ಅಂಗಡಿಯವಳು ಕಾರಿನ ಗಾಳಿ ನೋಡಿ, ಟೈರಿಗೊಂದು ಗುದ್ದು ಕೊಟ್ಟು, "ಕುಡುಕನ ಕಥೆ ಚೆನ್ನಾಗಿತ್ತು ಅಜ್ಜಾ, ಆದ್ರೆ ಇದು ಅದರಪ್ಪ. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಹೇಳ್ತೀನಿ" ಎಂದಳು.

"ನಂಗೆ ಮೀಸೆ ಇತ್ತು ಅಂತಾನೂ ಹೇಳು," ಎಂದ ಅಜ್ಜ.

"ಇರಲಿಲ್ಲ," ಎಂದಳು ಅಜ್ಜಿ.

ನಾನು ಅಜ್ಜನಿಗೆ ಮುಂದಿನ ಬಾಗಿಲು ತೆರೆದು ಹಿಡಿದೆ. ಅವನು ಅದನ್ನು ದಾಟಿ ಹೋಗಿ, ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತ. ದಿಂಬು ಮುಂದೆಯೇ ಉಳಿಯಿತು. ನಾನು ತೆಗೆದು ಕೊಡಲು ಹೋದರೆ, "ಇರಲಿ ಬಿಡು, ಅದೂ ರಸ್ತೆ ನೋಡ್ಲಿ" ಎಂದ.

"ಮನೆಗಾ ಅಜ್ಜಾ?"

"ಮನೆಗೇ. ಆದ್ರೆ ಮೊದಲು ಇನ್ನೊಂದ್ಸಲ ಸುತ್ತು ಹಾಕು. ರೋಲರ್ ಹೋದ ಹಾಗೆ ಹೋಗ್ಬೇಕು."

ನಾನು ಗೇರು ಇಳಿಸಿದೆ. ಕಾರು ತೆವಳತೊಡಗಿತು. ಹಿಂದೆ ಒಂದು ಲಾರಿ ಬಂತು, ಅದರ ಹಿಂದೆ ಬಸ್ಸು, ಅದರ ಹಿಂದೆ ಇನ್ನೇನೇನೋ, ಎಲ್ಲವೂ ಸೇರಿ ಹಾರ್ನ್ ಹೊಡೆದು ಆಕಾಶ ಭೂಮಿ ಒಂದು ಮಾಡಿದವು. ಪಂಪಿನ ಪಕ್ಕ ನಿಂತವರು ಕೈ ಬೀಸಿದರು. ಅಜ್ಜ ಕಿಟಕಿಯಿಂದ ಕೈ ಹೊರಹಾಕಿ, ಕಾಯಿರಪ್ಪ ಕಾಯಿರಿ ಎಂಬಂತೆ ಸನ್ನೆ ಮಾಡಿದ. ಕನ್ನಡಿಯಲ್ಲಿ ನೋಡಿದೆ. ಉದ್ದನೆಯ ಎಡ ತಿರುವಿನಲ್ಲಿ ಅವನು ಮೆಲ್ಲಗೆ ವಾಲಿ ಅಜ್ಜಿಯ ಭುಜಕ್ಕೆ ಒರಗಿದ್ದ. ತಿರುವು ಮುಗಿಯಿತು. ರಸ್ತೆ ಹಗ್ಗ ಹಿಡಿದಂತೆ ಮುಂದೆ ಚಾಚಿತು. ಅವನು ಹಾಗೇ ಇದ್ದ.

"ನೆಟ್ಟಗೆ ಕೂತ್ಕೊಳ್ರೀ, ಹುಡುಗಿ ನೋಡ್ತಿದ್ದಾಳೆ," ಎಂದಳು ಅಜ್ಜಿ.

"ನಾನೇನು ಮಾಡ್ಲಿ?" ಎಂದ ಅಜ್ಜ. "ರಸ್ತೆ ಸೊಟ್ಟಗಿದೆ."